ಪೂಜೆ ಮಾಡಿದ ಪ್ಯಾಡು

ಕುಂಕುಮ ಕಂಡು ಹೆದರುವ ಹೆಂಗಸು ಎಲ್ಲಾದರೂ ಇದ್ದಾಳೆಯೇ ಎಂದು ಕೇಳಬೇಡಿ. ಇದ್ದಳು. ಆಯುಧಪೂಜೆಯ ಬೆಳಿಗ್ಗೆ ಪೀಣ್ಯ ಎರಡನೇ ಹಂತದ ತಮ್ಮ ಶೆಡ್ಡಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ ಒಳಗೆ ಬಂದ ಕೃಪಾ, ಮೇಜಿನ ಮೇಲಿದ್ದ ಬಿಳಿ ಪ್ಯಾಡನ್ನು ನೋಡಿ ನಿಂತಲ್ಲೇ ನಿಂತುಬಿಟ್ಟಳು. ಅದರ ನಟ್ಟನಡುವೆ ದೊಡ್ಡದೊಂದು ಕುಂಕುಮದ ಬೊಟ್ಟು, ಅದರ ಮೇಲೊಂದು ಸೇವಂತಿಗೆ.

“ಅತ್ತೇ! ಇದಕ್ಯಾಕೆ ಇಟ್ರಿ?”

ಚಿಕ್ಕಮುನಿಯಮ್ಮ ಕುಂಕುಮದ ಬಟ್ಟಲು ಹಿಡಿದು ಆಗಲೇ ತಕ್ಕಡಿಯ ಹತ್ತಿರ ಹೋಗಿದ್ದಳು. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ.

“ಇನ್ಯಾಕ್ ಇಡ್ತಾರವ್ವ? ಒಳ್ಳೇದಾಗ್ಲಿ ಅಂತ. ಮೆಷೀನ್ಗೆ ಇಟ್ಟೆ, ಕತ್ರಿಗೆ ಇಟ್ಟೆ, ನಿನ್ ಕಂಪ್ಯೂಟ್ರುಗೂ ಇಟ್ಟೆ. ಹೊರದೇಶಕ್ಕೆ ಓಗೋ ಮಾಲು ಇದು, ಇದಕ್ಕಿಡ್ದೇ ಬುಟ್ರೆ ಆಯ್ತದಾ?”

ಏನು ಹೇಳುವುದು ಈ ಮುದುಕಿಗೆ? ಆ ಪ್ಯಾಡು ನೋಡಲು ಒಂದು ತುಂಡು ಸ್ಪಂಜು, ಅಷ್ಟೇ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಳಿಜಾರು. ಎಕ್ಸ್‌ರೇ ಮೇಜಿನ ಮೇಲೆ ರೋಗಿಯನ್ನು ಪಕ್ಕಕ್ಕೆ ವಾಲಿಸಿ ಮಲಗಿಸಬೇಕಾದಾಗ ಬೆನ್ನಿಗೆ ಆಸರೆಯಾಗಿ ಇಡುವುದು. ಸೂಜಿಯಲ್ಲ, ಕತ್ತಿಯಲ್ಲ, ಕರೆಂಟಿನ ಸಂಬಂಧವೂ ಇಲ್ಲ. ಕೊಳ್ಳುವ ಹೊರದೇಶದ ಆರೋಗ್ಯ ಇಲಾಖೆಯವರೇ ಅದನ್ನು ಅತಿ ಕಡಿಮೆ ಅಪಾಯದ ಸಾಮಾನುಗಳ ಸಾಲಿಗೆ ಸೇರಿಸಿದ್ದರು. ಅವರು ಕೇಳುತ್ತಿದ್ದದ್ದು ಮುಖ್ಯವಾಗಿ ಒಂದೇ ಒಂದು ಮಾತು: ನಿಮ್ಮ ಪ್ಯಾಡು ಎಕ್ಸ್‌ರೇಯಲ್ಲಿ ಕಾಣಬಾರದು. ಇದ್ದೂ ಇಲ್ಲದಂತೆ ಇರಬೇಕು. ಒಂದು ಚುಕ್ಕೆ, ಒಂದು ಗೆರೆ ಮೂಡಿದರೂ ಡಾಕ್ಟರು ಅದನ್ನು ಕಾಯಿಲೆ ಎಂದುಕೊಂಡಾರು.

ಆ ಇಲಾಖೆಯ ಒಪ್ಪಿಗೆಗೆ ಹಾಕುವ ಅರ್ಜಿಯ ಕೆಲಸವೆಲ್ಲ ಕೃಪಾಳದ್ದು. ಪ್ಯಾಡಿನಿಂದ ಯಾವ ಯಾವ ಹಾನಿ ಆಗಬಹುದು ಎಂದು ಅವರೇ ಕೇಳುತ್ತಾರೆ, ತಯಾರಿಸುವವರೇ ಬರೆದುಕೊಡಬೇಕು. “ಚಿತ್ರದಲ್ಲಿ ಗುರುತು ಮೂಡಿ ರೋಗವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ” ಎಂದು ಅವಳೇ ಬರೆದಿದ್ದಳು. ಅದರ ಎದುರಿಗೆ “ತೀರಾ ಕಡಿಮೆ” ಎಂದೂ ತುಂಬಿದ್ದಳು. ಅಗ್ಗದ ಕುಂಕುಮಕ್ಕೆ ಸೀಸದ ಬಣ್ಣ ಬೆರೆಸುತ್ತಾರೆ, ಸೀಸ ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ ಎಂದು ಓದಿದ್ದವಳು ಅವಳು. ಹಬ್ಬಕ್ಕೆಂದು ದಾಸರಹಳ್ಳಿ ಮಾರ್ಕೆಟ್ಟಿನಿಂದ ತಂದ ಕುಂಕುಮದ ದೊಡ್ಡ ಪೊಟ್ಟಣ ಅಲ್ಲೇ ಕಿಟಕಿಯಲ್ಲಿ ಬಾಯಿ ತೆರೆದು ಕೂತಿತ್ತು.

ಒದ್ದೆ ಬಟ್ಟೆ ತಂದು ಒರೆಸಿದಳು. ಉಜ್ಜಿದಷ್ಟೂ ಕುಂಕುಮ ಸ್ಪಂಜಿನ ಸಣ್ಣ ತೂತುಗಳಿಗೆ ಇಳಿಯಿತು. ಕೊನೆಗೆ ತೆಳುವಾದ ಕೆಂಪು ಛಾಯೆಯೊಂದು ಉಳಿಯಿತು, ಏನು ಮಾಡಿದರೂ ಹೋಗಲಿಲ್ಲ.

“ಪರೀಕ್ಷೆಗೆ ಬೇರೆ ಪೀಸ್ ಕಳಿಸ್ತೀನಿ ಬಿಡಿ” ಎಂದಳು.

ಆಗ ಮಾವ ರಾಮಾಂಜಿನಪ್ಪ ಎದ್ದು ಬಂದ. ಈ ಮನುಷ್ಯನ ವಿಷಯ ಸ್ವಲ್ಪ ಹೇಳಬೇಕು. ಇದೇ ಶೆಡ್ಡು ನಿಂತಿರುವ ಜಾಗದಲ್ಲಿ ಅವನ ಅಪ್ಪ ರಾಗಿ ಬೆಳೆಯುತ್ತಿದ್ದ. ಜಮೀನು ಕೈಗಾರಿಕೆಗೆ ಹೋದ ಮೇಲೆ ಉಳಿದ ಚೂರುಪಾರಿನಲ್ಲಿ ಬಾಡಿಗೆ ಮನೆ ಕಟ್ಟಿದರು, ಶೆಡ್ಡು ಕಟ್ಟಿದರು. ಬಾಡಿಗೆ ತಿಂದುಕೊಂಡು ಕಟ್ಟೆ ಮೇಲೆ ಕೂರಬಹುದಿತ್ತು. ಕೂರಲಿಲ್ಲ. ಮಗ ಶಿವಶಂಕರ್ ಸ್ಪಂಜಿನ ಕೆಲಸ ಶುರು ಮಾಡಿದಾಗ ಕಾದ ತಂತಿಯಲ್ಲಿ ಸ್ಪಂಜು ಕತ್ತರಿಸುವುದನ್ನು ಮುದುಕ ಹಟ ಹಿಡಿದು ಕಲಿತ. ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಎಳೆಯುತ್ತಿದ್ದ. ಗೆರೆ ಒಂದು ಕೂದಲಷ್ಟು ಸೊಟ್ಟಗಾದರೂ ಆ ತುಂಡನ್ನು ಮೂಲೆಗೆ ಎಸೆಯುವನು. “ಅಂಕುಡೊಂಕು ಮಾಲು ನನ್ ಬಾಗ್ಲು ದಾಟ್ಬಾರ್ದು” ಎನ್ನುವನು. ಮಗ ಗೊಣಗಿದರೂ ಕೇಳುವವನಲ್ಲ.

“ಅದ್ಯಾಕಮ್ಮ ಬೇರೇದು?” ಎಂದ ಈಗ. “ಇದು ನಾನು ಮೊದ್ಲು ಕತ್ರಿಸಿದ್ದು. ಪೂಜೆನೂ ಆಗೈತೆ. ಇದೇ ಓಗ್ಲಿ.”

“ಮಾವ, ಪರೀಕ್ಷೆಲಿ ಕುಂಕುಮ ಕಂಡ್ರೆ ಎಲ್ಲಾ ಹೋಯ್ತು.”

“ಕುಂಕುಮ ಯಾರ್ಗಮ್ಮ ಕೆಟ್ಟದ್ದು ಮಾಡೈತೆ?”

ಅತ್ತೆ ಮಾವ ಒಂದಾದ ಮೇಲೆ ಸೊಸೆಯ ಮಾತು ಎಲ್ಲಿ ನಡೆಯುತ್ತದೆ? ಶಿವಶಂಕರನೂ “ಬಿಡೇ, ಒರೆಸಿದ್ದೀಯಲ್ಲ” ಎಂದ. ಹಬ್ಬದ ದಿನ ರಂಪ ಬೇಡವೆಂದು ಅವಳು ಸುಮ್ಮನಾದಳು.

ಆಮೇಲೆ ಬೂದುಗುಂಬಳ ಒಡೆದರು. ಗೇಟಿನ ಮುಂದೆ ತಿರುಳು, ಬೀಜ, ನೀರು ಎಲ್ಲ ಹರಡಿಕೊಂಡಿತು. ದೃಷ್ಟಿ ಹೋಗಲೆಂದು ಒಡೆದ ಕುಂಬಳಕಾಯಿಯ ಮೇಲೇ ಮನೆಯ ಯಜಮಾನ ರಾಮಾಂಜಿನಪ್ಪ ಕಾಲಿಟ್ಟು ಜಾರಿ ಧೊಪ್ಪೆಂದು ಬಿದ್ದ. ಎದ್ದು ನಕ್ಕ, ಕಡಲೆಪುರಿ ಹಂಚಿದ. ಮಾರನೇ ಬೆಳಿಗ್ಗೆ ಪಕ್ಕೆ ಹಿಡಿದುಕೊಂಡು ಎದ್ದೇಳಲಾರದೆ ಒದ್ದಾಡಿದ.

ಎಕ್ಸ್‌ರೇ ಎಂದರೆ ರಾಮಾಂಜಿನಪ್ಪನಿಗೆ ಆಗದು. ಅವನ ಅಣ್ಣ ಲಕ್ಷ್ಮಯ್ಯ ಕೆಮ್ಮೆಂದು ಎಕ್ಸ್‌ರೇ ತೆಗೆಸಿ, ಎದೆಯಲ್ಲಿ ಗಡ್ಡೆ ಎಂದು ಗೊತ್ತಾಗಿ, ಹಾಸಿಗೆ ಹಿಡಿದವನು ಮೇಲೇಳಲೇ ಇಲ್ಲ. “ತೆಗ್ಸೋಗಂಟ ಗಟ್ಟಿಮುಟ್ಟಾಗಿದ್ದ, ತೆಗ್ಸಿದ್ಮೇಲೇ ಓಗಿದ್ದು” ಎಂದು ಇವನು ಇಂದಿಗೂ ವಾದಿಸುತ್ತಿದ್ದ. ಹೇಗೋ ಪುಸಲಾಯಿಸಿ ಕಾರು ಹತ್ತಿಸಿದರು. ಪರೀಕ್ಷೆಗೆ ಕಳಿಸಬೇಕಾದ ಪ್ಯಾಡು ಹಿಂದಿನ ಸೀಟಿನಲ್ಲೇ ಇತ್ತು. ದಾಸರಹಳ್ಳಿಯ ಎಕ್ಸ್‌ರೇ ಸೆಂಟರಿನಲ್ಲಿ ಕೆಲಸ ಮಾಡುವ ಅಂಜನ್ ಶಿವಶಂಕರನ ಜೊತೆ ಓದಿದವನು.

“ಮಗಾ, ಅಪ್ಪನ್ನ ನಮ್ ಪ್ಯಾಡ್ ಮೇಲೇ ಮಲಗ್ಸೋ. ಹೆಂಗ್ ಬರುತ್ತೆ ನೋಡೇ ಬಿಡೋಣ” ಎಂದ ಶಿವಶಂಕರ್.

ಮುದುಕನಿಗೂ ಅದೇ ಬೇಕಾಗಿತ್ತು. ತನ್ನ ಕೈಯಾರೆ ಕತ್ತರಿಸಿದ ಪ್ಯಾಡಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಆಂಜನೇಯನ ಹೆಸರು ಹೇಳುತ್ತ ಮಲಗಿದ. ಮಧ್ಯಾಹ್ನ ಪ್ಯಾಡು ಪೆಟ್ಟಿಗೆ ಸೇರಿ ಎಲೆಕ್ಟ್ರಾನಿಕ್ ಸಿಟಿಯ ಪರೀಕ್ಷಾಲಯಕ್ಕೆ ಹೊರಟುಹೋಯಿತು.

ಸಂಜೆ ಡಾಕ್ಟರ್ ಭಾನುಪ್ರಕಾಶ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಮಾವ ಹೊರಗೆ ಬೆಂಚಿನ ಮೇಲಿದ್ದ, ಒಳಗೆ ಗಂಡ ಹೆಂಡತಿ ಇಬ್ಬರೇ.

“ಪಕ್ಕೆಲುಬು ಮುರಿದಿಲ್ಲ. ಆದ್ರೆ ಇಲ್ಲೊಂದಿದೆ ನೋಡಿ.” ಅವರ ಪೆನ್ನಿನ ತುದಿ ತೋರಿಸಿದ ಕಡೆ ಕಡಲೆಕಾಳಿನಷ್ಟು ಬಿಳಿ ಚುಕ್ಕೆ.

ಕೃಪಾ ಮುಂದಕ್ಕೆ ಬಾಗಿ ನೋಡಿದಳು. ಅವಳ ತಲೆಗೆ ಮೊದಲು ಹೊಳೆದದ್ದು ಕುಂಕುಮವೇ. ಹೋಯಿತು, ಪ್ಯಾಡು ಫೇಲು. ಪೆಟ್ಟಿಗೆ ಆಗಲೇ ಹೊರಟಿದೆ. ಇಷ್ಟು ದಿನದ ಓಡಾಟವೆಲ್ಲ ಆ ಮುದುಕಿಯ ಒಂದು ಬೆರಳಿಗೆ ಬಲಿಯಾಯಿತು ಎಂದು ಹೊಟ್ಟೆ ಉರಿಯಿತು. ಕುಂಕುಮದ ಕಥೆಯನ್ನು ಡಾಕ್ಟರಿಗೆ ಹೇಳಿಯೂಬಿಟ್ಟಳು.

ಡಾಕ್ಟರು ನಗಲಿಲ್ಲ. “ಅದೇ ಇರಬಹುದು. ಅದಾಗಿದ್ರೆ ನಿಮ್ಮ ಪುಣ್ಯ. ಇಲ್ದೇ ಇದ್ರೆ ಇದು ಶ್ವಾಸಕೋಶದ ಒಳಗಿರೋದು. ಅವರು ಬೀಡಿ ಸೇದ್ತಾರಾ?”

“ಬಿಟ್ಟು ಬಹಳ ವರ್ಷ ಆಯ್ತು ಸಾರ್” ಎಂದ ಶಿವಶಂಕರ್. ಅವನ ದನಿ ನೆಟ್ಟಗಿರಲಿಲ್ಲ.

“ಪ್ಯಾಡ್ ಇಲ್ದೆ ಇನ್ನೊಂದು ತೆಗೀರಿ. ಅಥವಾ ನೇರವಾಗಿ ಸ್ಕ್ಯಾನ್ ಮಾಡ್ಸಿ.”

ಅಲ್ಲಿಯವರೆಗೆ ಎದೆಯಲ್ಲಿದ್ದ ಹೆದರಿಕೆ ಆ ಒಂದು ಮಾತಿಗೆ ತಲೆಕೆಳಗಾಯಿತು. ಕುಂಕುಮ ಕಾಣದಿರಲಿ ಎಂದು ದೇವರಿಗೆ ಮೊರೆಯಿಟ್ಟವಳು ಈಗ ಕುಂಕುಮವೇ ಆಗಿರಲಿ ತಂದೆ, ಕುಂಕುಮವೇ ಆಗಿರಲಿ ಎಂದು ಬೇಡತೊಡಗಿದಳು. ಪ್ಯಾಡು ಹಾಳಾಗಿ ಹೋಗಲಿ, ಇನ್ನೊಂದು ಕತ್ತರಿಸಿದರಾಯಿತು. ಮಾವನನ್ನು ಎಲ್ಲಿಂದ ತರುವುದು?

ನೆಟ್ಟಗಿನ ದಾರಿ ಯಾವುದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಸಂಜೆಯೇ ಅವನನ್ನು ಒಳಗೆ ಕರೆದು ವಿಷಯ ಹೇಳಿ ಇನ್ನೊಂದು ಎಕ್ಸ್‌ರೇ ತೆಗೆಸಬೇಕಿತ್ತು. ಆದರೆ ನಮ್ಮ ಮನೆಗಳಲ್ಲಿ ಹಿರಿಯರಿಗೆ ಅವರದೇ ಕಾಯಿಲೆಯನ್ನು ಹೇಳುವ ರೂಢಿ ಎಲ್ಲಿದೆ? ಊರಿಗೆಲ್ಲ ಗೊತ್ತಿರುತ್ತದೆ, ಮಲಗಿದವನಿಗೆ ಮಾತ್ರ ಗೊತ್ತಿರುವುದಿಲ್ಲ.

“ಅಪ್ಪಂಗೆ ಹೇಳಿದ್ರೆ ಹೆದರ್ಕೊಂಡೇ ಸತ್ತೋಗ್ತಾರೆ ಕಣೇ. ದೊಡ್ಡಪ್ಪಂದು ನೋಡಿದ್ದಾರೆ” ಎಂದ ಶಿವಶಂಕರ್ ಕಾರಿನ ಹತ್ತಿರ ನಿಂತು. “ಅದೇ ಪ್ಯಾಡ್ ಅಲ್ವಾ ಲ್ಯಾಬ್‌ಗೆ ಹೋಗಿರೋದು? ಅವರು ಹೇಗೂ ಎಕ್ಸ್‌ರೇ ತೆಗೀತಾರೆ. ಚುಕ್ಕೆ ಬಂತು ಅಂದ್ರೆ ಮುಗೀತು. ಅಲ್ಲೀವರೆಗೂ ಬಾಯಿ ಬಿಡೋದು ಬೇಡ. ಅಮ್ಮಂಗೂ ಬೇಡ.”

ತಪ್ಪು ಎಂದು ಅವಳಿಗೆ ಅನ್ನಿಸಿತು. ಆದರೂ ಹ್ಞೂಂ ಎಂದಳು. ಮನುಷ್ಯನ ಎದೆಯಲ್ಲಿ ಏನಿದೆ ಎಂದು ತಿಳಿಯಲು ಮನುಷ್ಯನನ್ನು ಬಿಟ್ಟು ಸ್ಪಂಜನ್ನು ಕೇಳುವ ಬುದ್ಧಿವಂತರು ಅವರು. ಬೈಯಬೇಕೆನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಅವರ ಜಾಗದಲ್ಲಿ ನಿಂತವರಿಗೆ ಮಾತ್ರ ಅದರ ಸಂಕಟ ಗೊತ್ತು.

ಆಮೇಲಿನ ದಿನಗಳು ಹೇಗೆ ಕಳೆದವೋ! ಮಾವನ ಪಕ್ಕೆ ನೋವು ಇಳಿಯಿತು, ಮತ್ತೆ ತಂತಿಯ ಮುಂದೆ ಬಂದು ಕೂತ. ಕೃಪಾ ಕಂಪ್ಯೂಟರಿನ ಮುಂದೆ ಕೂತು ಅವನ ಉಸಿರನ್ನೇ ಆಲಿಸುತ್ತಿದ್ದಳು. ಒಂದು ಸಲ ಕೆಮ್ಮಿದರೆ ಅವಳ ಕೈ ನಿಲ್ಲುವುದು. ಅಂಗಿಯ ಕಾಲರು ಮೊದಲಿಗಿಂತ ಸಡಿಲವಾಗಿದೆಯೇ? ಮುದ್ದೆ ಯಾಕೆ ಅರ್ಧಕ್ಕೇ ಬಿಟ್ಟರು? ಮೊದಲೂ ಹೀಗೇ ಬಿಡುತ್ತಿದ್ದರೇ, ಇವಳು ನೋಡಿರಲಿಲ್ಲವೇ? ಮದುವೆಯಾಗಿ ಬಂದ ಹೊಸದರಲ್ಲಿ ಇವಳಿಗೆ ಮುದ್ದೆ ನುಂಗಲು ಬರುವುದಿಲ್ಲವೆಂದು ಅತ್ತೆ ನಕ್ಕಾಗ, ಯಾರಿಗೂ ಕಾಣದ ಹಾಗೆ ಅಂಗಡಿಯಿಂದ ಬನ್ನು ತಂದುಕೊಟ್ಟ ಮನುಷ್ಯ ಇವನು.

“ಯಾಕಮ್ಮ, ನನ್ ಮುಖದಲ್ಲೇನ್ ಸಿನ್ಮಾ ಓಡ್ತೈತಾ?” ಎಂದು ಒಂದು ದಿನ ಕೇಳಿಯೇಬಿಟ್ಟ.

“ಏನಿಲ್ಲ ಮಾವ. ಪ್ಯಾಡ್ ಪಾಸಾಗುತ್ತೋ ಇಲ್ವೋ ಅಂತ ಭಯ.”

“ಆಯ್ತದೆ ತಗೋ. ನನ್ ಕೈ ಮೇಲೆ ನಂಬ್ಕೆ ಇಲ್ವಾ?”

ಇದೆ ಮಾವ, ಅದಕ್ಕೇ ಭಯ ಎಂದು ಹೇಳಲಾಗುತ್ತದೆಯೇ? ಎದ್ದು ಹಿಂದಿನ ಬಾಗಿಲ ಕಡೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಡಾಕ್ಟರು ಫೋನು ಮಾಡಿ ಗದರಿದರು. “ಇನ್ನೂ ಕರ್ಕೊಂಡ್ ಬಂದಿಲ್ವಾ? ಕಾಯೋ ವಿಷಯ ಅಲ್ಲಮ್ಮ ಇದು.” ಕೃಪಾಳಿಗೆ ಇನ್ನು ತಡೆಯಲಾಗಲಿಲ್ಲ. ಪರೀಕ್ಷಾಲಯದವರು ವರದಿಯನ್ನು ಅಂಚೆಯಲ್ಲಿ ಕಳಿಸುವವರೆಗೆ ಕಾಯದೆ ತಾನೇ ಹೊರಟಳು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಹೊಸೂರು ರಸ್ತೆ ಹಿಡಿದರೆ ಬೊಮ್ಮನಹಳ್ಳಿಯ ಹತ್ತಿರ ಟ್ರಾಫಿಕ್ಕು ಗಪ್ಪನೆ ನಿಂತುಬಿಟ್ಟಿತು. ಗಾರ್ಮೆಂಟ್ಸಿನ ಹೆಂಗಸರು ಊಟದ ಬ್ಯಾಗು ಹಿಡಿದು ನಗುತ್ತ ರಸ್ತೆ ದಾಟುತ್ತಿದ್ದರು. ಇವರಿಗೆಲ್ಲ ನಗು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಸಿಟ್ಟೇ ಬಂತು.

ಪರೀಕ್ಷಾಲಯದ ಎಂಜಿನಿಯರು ಸಣ್ಣ ವಯಸ್ಸಿನವನು, ಹಸನ್ಮುಖಿ. ಅವಳನ್ನು ಕಂಡೊಡನೆ ಎದ್ದು ನಿಂತ.

“ಕಂಗ್ರಾಟ್ಸ್ ಮೇಡಂ! ಈಗಷ್ಟೇ ಮುಗೀತು. ಸಕ್ಕತ್ ಕ್ಲೀನ್. ಒಂದು ಚುಕ್ಕೆ ಇಲ್ಲ.”

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಸರಿಯಾಗಿ ನೋಡಿದ್ರಾ ಸಾರ್?”

“ನೋಡ್ದೆ ಮೇಡಂ. ಬನ್ನಿ, ನೀವೇ ನೋಡಿ.”

ಪರದೆಯ ಮೇಲೆ ಪ್ಯಾಡಿನ ಚಿತ್ರ. ಚಿತ್ರವೆಂದರೇನು, ಬರೀ ಕಪ್ಪು. ಅಂಚು ಎಲ್ಲಿದೆ ಎಂದೂ ಗೊತ್ತಾಗದು. ಇದ್ದೂ ಇಲ್ಲದಂತಿತ್ತು. ಅವರು ಕೇಳಿದ್ದು ಅದನ್ನೇ ಅಲ್ಲವೇ?

“ಇನ್ನೊಂದ್ಸಲ ತೆಗೀರಿ ಸಾರ್. ನಡುವೆ ಏನೋ ಇರ್ಬೇಕು. ಕುಂಕುಮ ಇತ್ತು ಅಲ್ಲಿ. ಪೂಜೆ ಮಾಡಿದ್ರು, ನಾನೇ ಒರೆಸ್ದೆ, ಸರಿಯಾಗಿ ಹೋಗಿಲ್ಲ. ಅದು ಕಾಣ್ಲೇಬೇಕು ಸಾರ್.”

ತನ್ನ ಮಾಲಿನಲ್ಲಿ ತಪ್ಪು ಹುಡುಕಿಕೊಡಿ ಎಂದು ಗೋಗರೆಯುವವರನ್ನು ಅವನು ಇದುವರೆಗೆ ಕಂಡಿರಲಿಲ್ಲ. ತಬ್ಬಿಬ್ಬಾದ. ಆದರೂ ಒಳ್ಳೆಯ ಹುಡುಗ, ಪ್ಯಾಡನ್ನು ಮತ್ತೆ ತಂದ. ದೀಪದ ಕೆಳಗೆ ಹಿಡಿದಾಗ ನಟ್ಟನಡುವೆ ಆ ತೆಳು ಕೆಂಪು ಛಾಯೆ ಇದ್ದಲ್ಲೇ ಇತ್ತು. ಕೃಪಾಳ ಜೀವ ಹೋದದ್ದು ಬಂತು. ಯಂತ್ರದ ಕೆಳಗೆ ಇಟ್ಟ. ತಿರುಗಿಸಿ ಇಟ್ಟ. ಕಿರಣ ಹೆಚ್ಚಿಸಿ ನೋಡಿದ, ತಗ್ಗಿಸಿ ನೋಡಿದ.

ಕಪ್ಪು. ಬರೀ ಕಪ್ಪು.

“ಕುಂಕುಮ ಇರೋದು ನಿಜ ಮೇಡಂ. ಆದ್ರೆ ಅಂಗಡಿ ಬಣ್ಣ ಅಲ್ಲ ಅನ್ಸುತ್ತೆ. ಶುದ್ಧವಾಗಿದ್ರೆ ಇಷ್ಟು ತೆಳುವಾಗಿರೋದು ಎಕ್ಸ್‌ರೇಲಿ ಕಾಣಲ್ಲ.”

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆಗೆ ಫೋನು ಮಾಡಿದಳು.

“ಅತ್ತೆ, ಆವತ್ತು ಪ್ಯಾಡ್‌ಗೆ ಇಟ್ರಲ್ಲ, ಅದು ಯಾವ ಕುಂಕುಮ? ಮಾರ್ಕೆಟ್ಟಿಂದು ತಾನೇ? ಪೊಟ್ಟಣದ್ದು ತಾನೇ?”

“ಅಯ್ಯೋ, ಅದನ್ನೆಲ್ಲಾ ಮೆಷೀನ್ಗೆ ಬಳಿದೆ ಕಣವ್ವ. ನಿಮ್ಮಾವ ಕತ್ರಿಸಿದ ಮೊದುಲ್ನೇದಕ್ಕೆ ಅಂಗ್ಡಿ ಕುಂಕುಮ ಇಡ್ತೀನಾ? ನಾನೇ ಅರಿಶಿನದ ಕೊಂಬು ಕುಟ್ಟಿ, ಬಿಳಿಗಾರ, ನಿಂಬೆರಸ ಆಕಿ ಮಾಡಿದ್ದು. ದೇವರ ಮನೇದು. ಯಾಕೆ, ಪಾಸಾಯ್ತಾ?”

“ಪಾಸಾಯ್ತು ಅತ್ತೆ” ಎಂದಳು. ಫೋನು ಇಟ್ಟ ಮೇಲೆ ಹೋಗಿಬರುವವರು ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅತ್ತಳು.

ಶೆಡ್ಡಿಗೆ ಬರುವ ಹೊತ್ತಿಗೆ ಚಿಕ್ಕಮುನಿಯಮ್ಮ ಪ್ಯಾಡು ಪಾಸಾದ ಸುದ್ದಿಯನ್ನು ಎಲ್ಲರಿಗೂ ಹರಡಿಯಾಗಿತ್ತು. ಶಿವಶಂಕರ್ ಗೇಟಿನಲ್ಲೇ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳನ್ನು ನೋಡಿದ, ಪ್ಯಾಡಿನಲ್ಲಿ ಚುಕ್ಕೆಯಿಲ್ಲವೆಂದು ಅವಳು ತಲೆಯಾಡಿಸಿದಳು. ಅವನು ಗೋಡೆಯ ಕಡೆ ತಿರುಗಿಕೊಂಡ. ಇನ್ನು ಇವನಿಂದ ಆಗದು, ತಾನೇ ಹೇಳಬೇಕು ಎಂದು ಅವಳಿಗೆ ಗೊತ್ತಾಯಿತು.

ರಾಮಾಂಜಿನಪ್ಪ ಒಳಗೆ ತಂತಿಯ ಮುಂದೆ ಕೂತಿದ್ದ. ಮೇಜಿನ ಮೇಲೆ ಮೈಸೂರುಪಾಕಿನ ಡಬ್ಬಿ.

“ಬಾರಮ್ಮ ಬಾ! ನಾನೇಳ್ಲಿಲ್ವಾ? ಬಾಯಿ ಸಿಹಿ ಮಾಡ್ಕೋ.”

“ಮಾವ, ಮೊದ್ಲು ಕರೆಂಟ್ ಆಫ್ ಮಾಡಿ. ಒಂದು ಮಾತು ಹೇಳ್ಬೇಕು.”

ಹೇಳಿದಳು. ಸುತ್ತಿ ಬಳಸಲಿಲ್ಲ. ಎಕ್ಸ್‌ರೇಯಲ್ಲಿ ಚುಕ್ಕೆ ಬಂದದ್ದು, ಡಾಕ್ಟರು ಅಂದೇ ಹೇಳಿದ್ದು, ಪ್ಯಾಡಿನ ಕುಂಕುಮ ಇರಬಹುದೆಂದು ತಾವು ಕಾದದ್ದು, ಪ್ಯಾಡಿನಲ್ಲಿ ಏನೂ ಇಲ್ಲವೆಂದು ಈಗ ಗೊತ್ತಾದದ್ದು. “ನಿಮ್ಗೆ ಹೇಳ್ದೆ ಮುಚ್ಚಿಟ್ವಿ ಮಾವ. ದೊಡ್ಡ ತಪ್ಪಾಯ್ತು” ಎಂದು ಅವನ ಕೈ ಹಿಡಿದುಕೊಂಡಳು.

ಮುದುಕ ತನ್ನ ಎದೆಯ ಮೇಲೆ ಇನ್ನೊಂದು ಕೈಯಿಟ್ಟುಕೊಂಡ. ಒಳಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೋ ಎಂಬಂತೆ ಕಿವಿಗೊಟ್ಟು ಕೂತಿದ್ದ.

“ಅಣ್ಣಂಗೂ ಇಂಗೇ ಒಂದು ಚುಕ್ಕೆ” ಎಂದ.

“ದೊಡ್ಡ ಮಾವಂದು ಗಡ್ಡೆ ದೊಡ್ಡದಾಗಿತ್ತು ಮಾವ. ಇದು ಸಣ್ಣದು. ಹಳೇ ಕಲೆಯೂ ಇರ್ಬಹುದಂತೆ. ನಾಳೆ ಸ್ಕ್ಯಾನ್ ಮಾಡಿದ್ರೆ ಗೊತ್ತಾಗುತ್ತೆ.”

“ಮಾಲಿನಲ್ಲಿ ಒಂದು ಚುಕ್ಕೆನೂ ಇರ್ಲಿಲ್ವಾ?”

“ಇರ್ಲಿಲ್ಲ ಮಾವ.”

ಅವನು ತಲೆದೂಗಿದ. ಆ ಮುಖದಲ್ಲಿ ಹೆಮ್ಮೆ ಬಂದು, ನಿಲ್ಲಲಾರದೆ, ಹೋಯಿತು. ಮೆಲ್ಲಗೆ ಕೇಳಿದ: “ಆ ಮೆಷೀನ್ ಒಳಿಕ್ಕೆ ನೀನೂ ಬತ್ತೀಯಾ?”

“ಒಳಗೆ ಬಿಡಲ್ಲ ಮಾವ. ಬಾಗಿಲ ತನಕ ಬರ್ತೀನಿ. ಅಲ್ಲೇ ನಿಂತಿರ್ತೀನಿ.”

“ಗಟ್ಟಿ ಹಲಗೆ ಇರ್ತದೆ ಅಲ್ಲಿ. ಪಕ್ಕೆ ಇನ್ನೂ ನೋಯ್ತದೆ. ತಾಳು, ಒಂದು ಕತ್ರಿಸ್ಕೋತೀನಿ.”

ಮತ್ತೆ ಸ್ವಿಚ್ಚು ಒತ್ತಿದ. ತಂತಿ ಕಾಯಿತು. ಬಿಳಿ ಸ್ಪಂಜಿನ ಹೊಸ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಎಂದಿನಂತೆ ತಳ್ಳಿದ. ಕೈ ನಡುಗುತ್ತಿತ್ತು. ಅವನು ಹಲ್ಲು ಕಚ್ಚಿ ಹಿಡಿದರೂ ನಡುಕ ನಿಲ್ಲಲಿಲ್ಲ. ನೆಟ್ಟಗೆ ಹೋಗಬೇಕಾದ ಗೆರೆ ನಡುವೆ ಒಂದು ಕಡೆ ಕುಸಿದು, ಮತ್ತೆ ಎದ್ದು, ಹಾವು ಹರಿದಂತೆ ಆಚೆ ಬಂತು.

ಕೃಪಾ ಮೂಲೆಯ ಕಡೆ ನೋಡಿದಳು. ಸೊಟ್ಟ ತುಂಡುಗಳ ರಾಶಿ ಅಲ್ಲೇ ಇತ್ತು. ಈಗ ಎಸೆಯುತ್ತಾನೆ ಎಂದುಕೊಂಡಳು.

ರಾಮಾಂಜಿನಪ್ಪ ತುಂಡನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಆ ಡೊಂಕನ್ನು ಸವರಿದ. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟ.

“ಇರ್ಲಿ ಬುಡಮ್ಮ” ಎಂದ. “ಇದು ನಂಗೇ ತಾನೇ.”